ಶನಿವಾರದ ಕೊನೆಯ ಪೀರಿಯಡ್‌ಗೊಂದು ಸಂಘ

ಜೂನ್ ತಿಂಗಳಲ್ಲಿ ಶಾಲೆಯ ನೋಟಿಸ್ ಬೋರ್ಡಿಗೆ ಮೂರು ಪಟ್ಟಿ ಬೀಳುತ್ತವೆ: ಸಾಹಿತ್ಯ ಸಂಘ, ವಾಚಕರ ಸಂಘ, ನಾಟಕ ಸಂಘ. ಆಗಸ್ಟ್ ಹೊತ್ತಿಗೆ ಮೂರೂ ನಾಪತ್ತೆ. ವಾರ್ಷಿಕೋತ್ಸವಕ್ಕೆ ಹದಿನೈದು ದಿನ ಉಳಿದಾಗ ನಾಟಕದ್ದು ಮಾತ್ರ ದಡಬಡಿಸಿ ಏಳುತ್ತದೆ, ಮಾತು ಬಾಯಿಪಾಠ ಮಾಡಿಸಿ, ಬಣ್ಣ ಬಳಿದು, ಮತ್ತೆ ಮಲಗುತ್ತದೆ. ನನ್ನ ಕೇಳಿದರೆ ಮೂರು ಬೇಡ, ಒಂದೇ ಸಂಘ ಸಾಕು. ಓದಿದ ಮಕ್ಕಳೇ ಬರೆಯಲಿ, ಬರೆದವರೇ ಆಡಲಿ.

ಜೂನ್: ಮಕ್ಕಳು ಮತ್ತು ಬೀಗದ ಕೈ

ಎಂಟು, ಒಂಬತ್ತನೇ ತರಗತಿಯಿಂದ 20–25 ಮಕ್ಕಳು ಸಾಕು. ಹತ್ತನೆಯವರನ್ನು ಬಿಟ್ಟುಬಿಡಿ. ಅವರಿಗೆ ಆಸೆ ಇದ್ದರೂ ಅವರ ಮನೆಯವರಿಗೆ ಇರುವುದಿಲ್ಲ. ಆಯ್ಕೆ ಪರೀಕ್ಷೆ ಇಡಬೇಡಿ, ಬಂದವರೇ ಸದಸ್ಯರು. ಪ್ರತಿಭಾ ಕಾರಂಜಿಗೆ ಕಂಠಪಾಠ, ಆಶುಭಾಷಣಕ್ಕೆ ಹೋಗುವ ಮೂರ್ನಾಲ್ಕು ಜನರನ್ನೇ ಇಲ್ಲೂ ಮುಂದೆ ಕೂರಿಸಿದರೆ ಉಳಿದವರು ಎರಡನೇ ವಾರಕ್ಕೇ ಜಾಗ ಖಾಲಿ ಮಾಡುತ್ತಾರೆ.

ಶನಿವಾರದ ಕೊನೆಯ ಪೀರಿಯಡ್ಡನ್ನು ಮುಖ್ಯೋಪಾಧ್ಯಾಯರಿಂದ ಬರಹದಲ್ಲಿ ಪಡೆಯಿರಿ. ‘ಶಾಲೆ ಬಿಟ್ಟ ಮೇಲೆ ನೋಡೋಣ’ ಎಂದರೆ ಬಸ್ಸಿನ ಮಕ್ಕಳು ಬರುವುದಿಲ್ಲ, ಅದರಲ್ಲೂ ಹೆಣ್ಣುಮಕ್ಕಳು.

ಆಮೇಲೆ ಬೀರುವಿನ ಬೀಗದ ಕೈ. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದೀತೆಂಬ ಹೆದರಿಕೆಯಲ್ಲಿ ಎಷ್ಟೋ ಶಾಲೆಗಳ ಗ್ರಂಥಾಲಯ ಗೆದ್ದಲಿಗೆ ಮಾತ್ರ ತೆರೆದಿರುತ್ತದೆ. ಲೆಡ್ಜರನ್ನು ಇಬ್ಬರು ಮಕ್ಕಳ ಕೈಗೆ ಕೊಡಿ. ನಮ್ಮ ಅನುಭವದಲ್ಲಿ ಅವರು ವಸೂಲಿಯಲ್ಲಿ ಬ್ಯಾಂಕಿನವರನ್ನೂ ಮೀರಿಸುತ್ತಾರೆ. ಬೀರುವಿನಲ್ಲಿ ಮಕ್ಕಳ ಪುಸ್ತಕವೇ ಇಲ್ಲದಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಅಲ್ಲಿ ಸದಸ್ಯತ್ವ ಉಚಿತ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲೂ ಕನ್ನಡ ಕಥೆಗಳಿವೆ, ದುಡ್ಡಿಲ್ಲದೆ ಇಳಿಸಿಕೊಂಡು ಮುದ್ರಿಸಬಹುದು.

ಜುಲೈ: ಓದಿ, ಅರ್ಧಕ್ಕೆ ನಿಲ್ಲಿಸಿ

ಮೊದಲ ನಾಲ್ಕು ವಾರ ಓದುವುದು ನೀವೇ. ಹತ್ತು ನಿಮಿಷ ಗಟ್ಟಿಯಾಗಿ ಓದಿ, ಬಾವಿಯಲ್ಲಿ ಯಾರೋ ಕೂಗಿದ ಕಡೆ ನಿಲ್ಲಿಸಿ, ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಹೊರಗೆ ಹೋಗಿ. ಮುಂದಿನದು ತಾನಾಗಿ ನಡೆಯುತ್ತದೆ. ಕಥೆ ಮುಗಿದ ಮೇಲೆ ‘ಇದರ ನೀತಿ ಏನು?’ ಎಂದು ಮಾತ್ರ ಕೇಳಬೇಡಿ. ‘ನೀನಾಗಿದ್ದರೆ ಬಾಗಿಲು ತೆಗೀತಿದ್ಯಾ?’ ಎಂದು ಕೇಳಿ ನೋಡಿ, ಗದ್ದಲ ಎಬ್ಬಿಸುತ್ತಾರೆ. ಪಕ್ಕದ ತರಗತಿಯ ಗಣಿತದ ಮೇಷ್ಟ್ರಿಗೆ ಮೊದಲೇ ಹೇಳಿಟ್ಟಿರಿ.

ಆಗಸ್ಟ್: ಅಮ್ಮನ ಬೈಗುಳ ಬರೆಸಿ

‘ನನ್ನ ಮೆಚ್ಚಿನ ಹಬ್ಬ’ ಎಂದರೆ ಇಪ್ಪತ್ತು ಮಕ್ಕಳೂ ಗೈಡಿನ ಒಂದೇ ಪ್ರಬಂಧ ಬರೆಯುತ್ತಾರೆ. ಮೊದಲ ವರ್ಷ ನಾನು ಮಾಡಿದ ತಪ್ಪು ಅದೇ. ಎರಡನೇ ವರ್ಷ ‘ಇವತ್ತು ಬೆಳಿಗ್ಗೆ ಅಮ್ಮ ಬೈದದ್ದನ್ನು ಹಾಗೆ ಹಾಗೇ ಬರೆಯಿರಿ’ ಎಂದೆ. ಪುಟ ತುಂಬಿತು. ಬಸ್ಸಿನಲ್ಲಿ ಕಂಡಕ್ಟರ್ ಜೊತೆ ಚಿಲ್ಲರೆ ಜಗಳ, ಅಜ್ಜಿಯ ಟ್ರಂಕಿನಲ್ಲಿರುವ ಸಾಮಾನು, ರೇಷನ್ ಅಂಗಡಿ ಸಾಲಿನ ಮಾತು: ಕಣ್ಣೆದುರಿನ ಇಂಥ ವಿಷಯ ಸಾಕು.

ಮನೆಮಾತಿಗೆ ಅಡ್ಡಿ ಮಾಡಬೇಡಿ. ಧಾರವಾಡದ ಹುಡುಗಿ ‘ಹೋಗೂಣು ಬಾ’ ಎಂದು ಬರೆದರೆ, ಕುಂದಾಪುರದ ಹುಡುಗ ‘ಎಂತ ಮರಾಯ’ ಎಂದರೆ ಅದೇ ಇರಲಿ. ತುಳು, ಲಂಬಾಣಿ, ಉರ್ದು ಮಾತೂ ಕನ್ನಡ ಲಿಪಿಯಲ್ಲಿ ಬರಲಿ. ಪರೀಕ್ಷೆಯ ಉತ್ತರಪತ್ರಿಕೆಗೆ ಬೇರೆ ಭಾಷೆ ಬೇಕೆಂಬುದು ಮಕ್ಕಳಿಗೂ ಗೊತ್ತು. ಕೆಂಪು ಪೆನ್ನು ಈ ಕೋಣೆಗೆ ಬರಕೂಡದು. ಕಾಗುಣಿತ ತಿದ್ದುವುದು ಗೋಡೆ ಪತ್ರಿಕೆಗೆ ಹಾಕುವ ಹಿಂದಿನ ದಿನ, ಅದೂ ಆ ಪಾಳಿಯ ಇಬ್ಬರು ಸಂಪಾದಕರ ಕೆಲಸ. ಹದಿನೈದು ದಿನಕ್ಕೊಮ್ಮೆ ಒಂದು ಡ್ರಾಯಿಂಗ್ ಹಾಳೆ, ಕೈಬರಹದಲ್ಲೇ. ಕುಡಿಯುವ ನೀರಿನ ನಲ್ಲಿಯ ಹತ್ತಿರ ಅಂಟಿಸಿ, ಮುಖ್ಯೋಪಾಧ್ಯಾಯರ ಕೋಣೆಯ ಹತ್ತಿರ ಬೇಡ. ಮಕ್ಕಳು ನಿಲ್ಲುವುದು ನಲ್ಲಿ ಹತ್ತಿರ.

ದಸರಾ ರಜೆ ಕಳೆದ ಮೇಲೆ: ನಾಟಕ

ಇಷ್ಟು ಹೊತ್ತಿಗೆ ಮಕ್ಕಳ ಕೈಯಲ್ಲಿ ಮಾತು ಇದೆ. ಈಗ ಸಿದ್ಧ ನಾಟಕ ಹುಡುಕುವ ಬದಲು ಅವರಿಗೆ ಗೊತ್ತಿರುವ ಕಥೆಯೊಂದನ್ನು ಎತ್ತಿಕೊಳ್ಳಿ. ಪುಣ್ಯಕೋಟಿಯನ್ನೇ ನೋಡಿ. ಪ್ರತಿ ಶಾಲೆಯಲ್ಲೂ ಅದು ಹಾಡು ಹಾಕಿ, ಹಸುವಿನ ಮುಖವಾಡ ಕಟ್ಟಿ, ಅತ್ತು ಮುಗಿಯುತ್ತದೆ. ನೀವು ಮಕ್ಕಳನ್ನು ಕೇಳಿ: ಹಸು ಮನೆಗೆ ಹೋಗಿ ಬರುವ ತನಕ ಹುಲಿ ಒಬ್ಬನೇ ಏನು ಮಾಡುತ್ತಿತ್ತು? ಗೊಲ್ಲನಿಗೆ ಒಂದು ಹಸು ಕಮ್ಮಿ ಇದೆ ಎಂದು ಗೊತ್ತಾಗಲಿಲ್ಲವೇ? ಕರುವನ್ನು ನೋಡಿಕೊಳ್ಳುತ್ತೇವೆ ಎಂದ ಹಸುಗಳಲ್ಲಿ ಒಂದಾದರೂ ಒಳಗೊಳಗೇ ಗೊಣಗಲಿಲ್ಲವೇ?

ಕಥೆಯನ್ನು ಐದಾರು ಚಿತ್ರವಾಗಿ ಒಡೆಯಿರಿ. ಪ್ರತಿ ಗುಂಪು ಒಂದೊಂದು ಚಿತ್ರವನ್ನು ಕಲ್ಲಾಗಿ ನಿಂತು ತೋರಿಸಲಿ. ನೀವು ಭುಜ ಮುಟ್ಟಿದವರು ಆ ಕ್ಷಣಕ್ಕೆ ತೋಚಿದ ಒಂದು ಮಾತು ಆಡಲಿ. ಒಬ್ಬರು ಎಲ್ಲವನ್ನೂ ಬರೆದುಕೊಳ್ಳಲಿ. ಮೂರು ಶನಿವಾರದಲ್ಲಿ ಒರಟು ಪ್ರತಿ ತಯಾರು. ಬರವಣಿಗೆ ಚೆನ್ನಾಗಿರುವ ನಾಲ್ವರು ಅದನ್ನು ಹೊಲಿದು 20 ನಿಮಿಷಕ್ಕೆ ಇಳಿಸಲಿ. ಹೀಗೆ ಹುಟ್ಟಿದ ಮಾತು ಮರೆತುಹೋದರೂ ಹುಡುಗರು ಕಂಗಾಲಾಗುವುದಿಲ್ಲ, ಅದೇ ಅರ್ಥದ ಇನ್ನೊಂದು ಮಾತು ಹೊಳೆಯುತ್ತದೆ.

ತಾಲೀಮಿಗೆ ಐದಾರು ವಾರ ಇಟ್ಟುಕೊಳ್ಳಿ. ಬಾಡಿಗೆ ವೇಷ ಬೇಡ. ಒಂದು ದುಪಟ್ಟಾ, ಎರಡು ಬೆಂಚು, ಒಂದು ಬಿದಿರುಕೋಲು ಸಾಕು. ಗುಡುಗಿಗೆ ತಗಡಿನ ಹಾಳೆ, ಮಳೆಗೆ ಡಬ್ಬಿಯಲ್ಲಿ ಹುರುಳಿಕಾಳು. ಮೊದಲೇ ಧ್ವನಿ ಮುದ್ರಿಸಿ ಮಕ್ಕಳಿಂದ ಬಾಯಿ ಅಲ್ಲಾಡಿಸುವ ಪದ್ಧತಿ ಈಚೆಗೆ ಹೆಚ್ಚಾಗಿದೆ, ನನಗಂತೂ ಅದು ನಾಟಕವೆಂದು ಅನ್ನಿಸುವುದಿಲ್ಲ. ವೇದಿಕೆಯ ಮೈಕಿಗೆ ಅಂಟಿಕೊಂಡು ನಿಲ್ಲಿಸುವುದಕ್ಕಿಂತ ಅಂಗಳದ ಮರದ ಕೆಳಗೆ, ಮೂರು ಕಡೆ ಜನ ಕೂತು ನೋಡುವಂತೆ ಆಡಿಸಿ. ಸಣ್ಣ ದನಿಯೂ ಕೇಳುತ್ತದೆ.

ಒಂದಾದರೂ ಒಳ್ಳೆಯ ನಾಟಕವನ್ನು ಮಕ್ಕಳು ಕಣ್ಣಾರೆ ನೋಡಬೇಕು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್‌ನ ಸಂಚಾರಿ ನಾಟಕ ತಂಡ ‘ತಿರುಗಾಟ’ 1985ರಿಂದ ಊರೂರು ಸುತ್ತುತ್ತಿದೆ. ನಿಮ್ಮ ತಾಲ್ಲೂಕಿಗೆ ಬಂದಾಗ ಬಿಡಬೇಡಿ. ಮೈಸೂರಿನ ರಂಗಾಯಣದ ಬೇಸಿಗೆ ರಂಗಶಿಬಿರ ‘ಚಿಣ್ಣರ ಮೇಳ’ ಆ ಊರಿನ ಮಕ್ಕಳಿಗೆ ಅದೃಷ್ಟ.

ಬೇರೆಯವರ ಕೃತಿ ಆಡುವುದಾದರೆ

1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಶಾಲೆಯ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳು, ಸಿಬ್ಬಂದಿ ನಾಟಕ ಆಡಿ, ನೋಡುವವರು ಶಾಲೆಯವರು ಮತ್ತು ಹೆತ್ತವರು, ಪೋಷಕರಷ್ಟೇ ಆಗಿದ್ದರೆ ಅನುಮತಿ ಬೇಕಿಲ್ಲ. ಊರ ಜಾತ್ರೆಗೆ, ಟಿಕೆಟ್ ಪ್ರದರ್ಶನಕ್ಕೆ ಈ ರಿಯಾಯಿತಿ ಇಲ್ಲ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಕಥೆಗಳನ್ನು ಯಾರು ಬೇಕಾದರೂ ನಾಟಕ ಮಾಡಿಕೊಳ್ಳಬಹುದು. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳಿಗೆ 2054ರ ಕೊನೆಯವರೆಗೆ ಹಕ್ಕುದಾರರ ಒಪ್ಪಿಗೆ ಬೇಕು.

ಫೆಬ್ರುವರಿ

ಪರೀಕ್ಷೆ ಹತ್ತಿರ ಬಂತು, ಸಂಘಕ್ಕೆ ಬಿಡುವು. ಗೋಡೆಯಿಂದ ಕಿತ್ತ ಹಾಳೆಗಳನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿ, ರಟ್ಟು ಹಾಕಿ ಹೊಲಿಸಿ, ಸಂಖ್ಯೆ ಕೊಟ್ಟು ಅದೇ ಬೀರುವಿನಲ್ಲಿಡಿ. ಲೆಡ್ಜರ್ ಮತ್ತು ಬೀಗದ ಕೈಯನ್ನು ಒಂಬತ್ತನೆಯವರು ಎಂಟನೆಯ ತರಗತಿಯ ಇಬ್ಬರಿಗೆ ದಾಟಿಸಲಿ. ಬಾಕಿ ಪುಸ್ತಕದ ಪಟ್ಟಿಯಲ್ಲಿ ಮೇಷ್ಟ್ರ ಹೆಸರೂ ಇದ್ದರೆ ಅದನ್ನೂ ಜೋರಾಗಿ ಓದಿಸಿ.