ಗ್ಲೋಬಿಗೆ ದಾರ ಸುತ್ತಿ ಸ್ಯಾನ್ ಫ್ರಾನ್ಸಿಸ್ಕೊ ಅಳೆದೆ

ಗೋಣಿಕೊಪ್ಪದಲ್ಲಿ ನನ್ನದು ಟಿಕೆಟ್ ಬುಕಿಂಗ್ ಅಂಗಡಿ. ದೂರದ ವಿಮಾನದ ಲೆಕ್ಕ ನಾನು ಹಾಕುವುದು ಗ್ಲೋಬ್ ಮತ್ತು ಹೊಲಿಗೆ ದಾರದಲ್ಲಿ. ಮೊದಲು ನಮ್ಮ ಲೈನಿನವರೇ ನಕ್ಕರು. ಈಗ ಅವರೇ ಫೋನ್ ಮಾಡಿ, "ಇದು ಎಷ್ಟು ಗಂಟೆ ಆಗ್ತದೆ ಹೇಳು ಮಾರಾಯ" ಎಂದು ಕೇಳುತ್ತಾರೆ.

ಮುಂಚೆ ಗೋಡೆಯ ಮ್ಯಾಪಿನ ಮೇಲೆ ಸ್ಕೇಲ್ ಇಟ್ಟು ನೋಡಿದ್ದೆ. ದಂಡ. ಉತ್ತರಕ್ಕೆ ಹೋದಷ್ಟೂ ಮ್ಯಾಪ್ ಹಿಗ್ಗಿರುತ್ತದೆ. ವರ್ಷಕ್ಕೆ 4-5 ಸಾವಿರ ಕಟ್ಟಿ ಒಂದು ಸಾಫ್ಟ್‌ವೇರ್ ತಗೊಂಡೆ. ಅದು ಕಾಯುವ ಹೊತ್ತು, ಹಾರುವ ಹೊತ್ತು ಎರಡನ್ನೂ ಕಲಸಿ ಕೊಡುತ್ತಿತ್ತು. ಗ್ಲೋಬಿಗೆ ಬಿದ್ದದ್ದು ಸುಮಾರು 900 ರೂಪಾಯಿ.

30 ಸೆಂ.ಮೀ. ಅಡ್ಡಳತೆಯ ಗ್ಲೋಬಿನಲ್ಲಿ 1 ಸೆಂ.ಮೀ. ಅಂದರೆ ಹೆಚ್ಚುಕಮ್ಮಿ 425 ಕಿ.ಮೀ. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ದಾರ ಬಿಗಿದರೆ 33 ಸೆಂ.ಮೀ., ಅಂದರೆ 14,000 ಕಿ.ಮೀ. ವಿಮಾನದ ವೇಗ ಗಂಟೆಗೆ 850 ಕಿ.ಮೀ. ಎಂದು ಹಿಡಿದು ಅದರಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿ. 17 ಗಂಟೆ. ಗಾಳಕ್ಕೆ ಕಟ್ಟುವ ನೈಲಾನ್ ದಾರದಲ್ಲೂ ನೋಡಿದೆ, ಜಾರುತ್ತದೆ, ಹಿಗ್ಗುತ್ತದೆ. ಹೊಲಿಗೆ ದಾರವೇ ಸರಿ.

ದಾರ ಉತ್ತರ ಧ್ರುವದ ಹತ್ತಿರ ಹಾಯುವುದನ್ನು ನೋಡಿ ನಮ್ಮೂರಿನ ರಿಟೈರ್ಡ್ ಸುಬೇದಾರರು ಒಪ್ಪಲೇ ಇಲ್ಲ. "ನಾನು ಲೇಹ್‌ನಲ್ಲಿ ಇದ್ದವ. ಅಲ್ಲಿಂದಲೂ ಮೇಲೆ ಹೋದ್ರೆ ಅಮೆರಿಕ ಹೇಗೆ ಬರ್ತದೆ?" 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರ ವಿಮಾನ ಶುರು ಮಾಡಿತು. ಮೊದಲ ಹಾರಾಟವೇ ಧ್ರುವದ ಮೇಲಿಂದ, ಪೈಲಟ್‌ಗಳೆಲ್ಲ ಹೆಂಗಸರು. ಪೇಪರ್ ತಗೊಂಡು ಹೋಗಿ ಅವರ ಟೇಬಲ್ ಮೇಲೆ ಇಟ್ಟೆ. ಕಾಫಿ ಕೊಟ್ಟರು, ಮಾತಾಡಲಿಲ್ಲ.

ಆದರೆ ದಾರಕ್ಕೆ ಆಕಾಶದ ಬೇಲಿ ಗೊತ್ತಿಲ್ಲ. ಲಂಡನ್ 19 ಸೆಂ.ಮೀ., 8,000 ಕಿ.ಮೀ., ಹೋಗುವಾಗ ಎದುರುಗಾಳಿ ಸೇರಿ ಹತ್ತೂವರೆ ಗಂಟೆ ಎಂದು ಹಿಡಿದಿದ್ದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿತು. ವಿಮಾನ ಸುತ್ತು ಹಾಕಿತು. ಬೇರೆ ಟಿಕೆಟ್‌ನಲ್ಲಿ ಮುಂದೆ ಹೋಗಬೇಕಿದ್ದ ಒಂದು ಕುಟುಂಬದ ವಿಮಾನ ತಪ್ಪಿತು. ಹೊಸ ಟಿಕೆಟ್‌ಗೆ ನನ್ನ ಕೈಯಿಂದ ಹೋದದ್ದು 30 ಸಾವಿರದ ಹತ್ತಿರ. ಈಗ ಮುಚ್ಚಿದ ಜಾಗಕ್ಕೆಲ್ಲ ಹೆಂಡತಿಯ ಸ್ಟಿಕ್ಕರ್ ಬೊಟ್ಟು ಅಂಟಿಸಿ, ದಾರವನ್ನು ಅದರ ಸುತ್ತ ಬಳಸಿ ಅಳೆಯುತ್ತೇನೆ. ಅಂಗಡಿಗೆ ಬಂದವರಿಗೆಲ್ಲ ಮೊದಲು ಕಾಣುವುದು ಅದೇ.

ಇನ್ನು ಗಡಿಯಾರದ ಗೋಳು. ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯುತ್ತದೆ ಎಂದರೆ ಗಿರಾಕಿ ಮೂರೇ ಗಂಟೆ ಅಂದುಕೊಳ್ಳುತ್ತಾರೆ. ಚಳಿಗಾಲದಲ್ಲಿ ಅಲ್ಲಿಯವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಅದನ್ನು ಕೂಡಿಸಿ, ನಿಮ್ಮ ದಾರದ ಲೆಕ್ಕಕ್ಕೆ ಹೊಂದುತ್ತಾ ನೋಡಿ. ಪೂರ್ವಕ್ಕೆ ಹೋಗುವಾಗ ಗಾಳಿ ದೂಡುತ್ತದೆ, ಸ್ವಲ್ಪ ಕಳೆಯಬೇಕು. ಯಾವ ತಿಂಗಳಿಗೆ ಎಷ್ಟು ಅನ್ನುವ ಪಟ್ಟಿ ನನ್ನ ಡ್ರಾಯರ್‌ನಲ್ಲಿದೆ, ಅದನ್ನು ಮಾತ್ರ ಕೇಳಬೇಡಿ.

ಮತ್ತೆ, ಗಲ್ಫ್‌ಗೆ ಹೋಗುವ ನಮ್ಮೂರಿನವರಿಗೆ ಕೇರಳದ ಕಣ್ಣೂರು ವಿಮಾನ ನಿಲ್ದಾಣ ಹತ್ತಿರ. ದುಬೈ 2,600 ಕಿ.ಮೀ. ಅಷ್ಟೇ. ಆದರೆ ಮಳೆಗಾಲದಲ್ಲಿ ಕಣ್ಣೂರು ದಾರಿಯ ಮಾಕುಟ್ಟ ಘಾಟಿಗೆ ಎರಡು ಗಂಟೆ ಜಾಸ್ತಿಯೇ ಇಟ್ಟುಕೊಳ್ಳಿ.