ಸಂಜೆ ಏಳು ಗಂಟೆಗೆ ಹೋಗೋಕೆ ಒಂದು ಜಾಗ

ಕುಡಿತ ಬಿಡಬೇಕು ಅಂತಿರುವವರಿಗೆ ಮೊದಲೇ ಒಂದು ಮಾತು. ದಿನಾ ಜಾಸ್ತಿ ಕುಡಿಯುವವರು ಮನೆಯಲ್ಲೇ ಕೂತು ಏಕಾಏಕಿ ನಿಲ್ಲಿಸಬೇಡಿ. ಕೈ ನಡುಗುತ್ತೆ, ಬೆವರುತ್ತೆ, ನಿದ್ದೆ ಬರಲ್ಲ. ಕೆಲವರಿಗೆ ಫಿಟ್ಸ್ ಬರುತ್ತೆ. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣಿಸಿ, ಕೇಳಿಸಿ, ಜೀವಕ್ಕೇ ಅಪಾಯ ಆಗಬಹುದು. ನನ್ನನ್ನು ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಬಿ1 ವಿಟಮಿನ್ ಇಂಜೆಕ್ಷನ್ನು, ನಡುಕಕ್ಕೆ ಮಾತ್ರೆ ಕೊಟ್ಟು ಸುಧಾರಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಆಸ್ಪತ್ರೆಯಿಂದ ಮೈ ಸರಿಹೋಯಿತು. ಸಂಜೆಗೆ ಏನು ಮಾಡೋದು? ನಾನು ಪೀಣ್ಯದಲ್ಲಿ ಲೇತ್ ಕೆಲಸದವನು. ಶಿಫ್ಟ್ ಮುಗಿಸಿ ಬಸ್‌ಸ್ಟಾಪಿಗೆ ಹೋಗುವ ದಾರಿಯಲ್ಲೇ ಬಾರ್. ವರ್ಷಗಟ್ಟಲೆ ಅದೇ ಹೊತ್ತಿಗೆ ಕ್ವಾರ್ಟರ್ ತಗೊಂಡ ಮೈ ಅದು. ಬೆಳಿಗ್ಗೆ ಏನೂ ಅನ್ನಿಸುತ್ತಿರಲಿಲ್ಲ. ಏಳು ಗಂಟೆ ಹತ್ತಿರ ಬಂದರೆ ಬಾಯಿ ಒಣಗೋದು, ಸಿಕ್ಕವರ ಮೇಲೆ ಸಿಟ್ಟು ಬರೋದು. ಎಂಟೂವರೆ ದಾಟಿ, ಹೊಟ್ಟೆಗೆ ಊಟ ಬಿದ್ದರೆ ಆ ದಿನ ದಾಟಿದ ಹಾಗೇ. ಅಂದರೆ ನಾನು ಗೆಲ್ಲಬೇಕಿದ್ದದ್ದು ಆ ಒಂದೂವರೆ ಗಂಟೆಯನ್ನು.

ಡಿಸ್ಚಾರ್ಜ್ ಮಾಡುವಾಗ ಕೌನ್ಸೆಲರ್ ಮೇಡಂ ಆಲ್ಕೊಹಾಲಿಕ್ಸ್ ಅನಾನಿಮಸ್‌ನ, ಅಂದರೆ ಎಎಯ ಸಹಾಯವಾಣಿ ನಂಬರ್ ಬರೆದುಕೊಟ್ಟಿದ್ದರು. ಕುಡಿತ ಬಿಡಬೇಕು ಅನ್ನುವವರೇ ಗುಂಪಾಗಿ ಸೇರಿ ಒಬ್ಬರಿಗೊಬ್ಬರು ನೆರವಾಗುವ ಕೂಟ ಅದು. ಫೋನ್ ಮಾಡಿ ಯಾವ ಗ್ರೂಪ್ ಎಲ್ಲಿ ಸೇರುತ್ತೆ ಅಂತ ಕೇಳಿ ಬರೆದುಕೊಂಡೆ. ಮನೆಗೆ ತೀರಾ ಹತ್ತಿರ ಇದ್ದದ್ದು ಭಾನುವಾರ ಬೆಳಿಗ್ಗೆ ಸೇರುವ ಇಂಗ್ಲಿಷ್ ಮೀಟಿಂಗ್. ಜನ ಒಳ್ಳೆಯವರೇ. ಆದರೆ ಭಾನುವಾರ ಬೆಳಿಗ್ಗೆ ನನಗೆ ಕಷ್ಟ ಇರಲಿಲ್ಲವಲ್ಲ. ಬಸ್ ಬದಲಿಸಿ ಹೋಗಬೇಕಾದರೂ ಸರಿ ಅಂತ ಸಂಜೆ ಏಳಕ್ಕೆ ಶುರುವಾಗುವ ಕನ್ನಡ ಗ್ರೂಪ್ ಹಿಡಿದೆ. ಒಂದೊಂದು ಗ್ರೂಪ್ ವಾರದಲ್ಲಿ ಒಂದೋ ಎರಡೋ ದಿನ ಸೇರುತ್ತೆ. ಉಳಿದ ಸಂಜೆಗೆ ಬೇರೆ ಬಡಾವಣೆಯ ಗ್ರೂಪ್. ಹೀಗೆ ವಾರ ಪೂರ್ತಿ ಸಂಜೆಗಳನ್ನು ತುಂಬಿಸಿಕೊಂಡೆ. ಯಾರಾದರೂ ಕೇಳಿದರೆ ನಾನು ಹೇಳೋದು ಇಷ್ಟೇ: ದೂರ ಆಮೇಲೆ ನೋಡಿ, ಮೊದಲು ಹೊತ್ತು ನೋಡಿ.

ನಮ್ಮ ಗ್ರೂಪ್ ಸೇರುವುದು ಒಂದು ಶಾಲೆಯ ಕೊಠಡಿಯಲ್ಲಿ. ಮಕ್ಕಳ ಬೆಂಚು, ಮಂಡಿ ಸರಿಯಾಗಿ ಹಿಡಿಸಲ್ಲ. ಕಪ್ಪುಹಲಗೆಯ ಮೇಲೆ ಎಎಯ ಹನ್ನೆರಡು ಮೆಟ್ಟಿಲು (ಕುಡಿತ ಬಿಟ್ಟು ಬದುಕುವ ದಾರಿ), ಹನ್ನೆರಡು ಸಂಪ್ರದಾಯ (ಗ್ರೂಪ್ ನಡೆಯುವ ರೀತಿ) ಬರೆದ ಎರಡು ಬಟ್ಟೆ ಬ್ಯಾನರ್ ತೂಗು ಹಾಕುತ್ತಾರೆ. ಮೊದಲ ದಿನ ಬಾಗಿಲಲ್ಲೇ ನಿಂತಿದ್ದೆ. ಹಿರಿಯರೊಬ್ಬರು ಎದ್ದು ಬಂದು, "ಬನ್ನಿ, ಕೂತ್ಕೊಳ್ಳಿ. ಕುಡಿದು ಬಂದಿದ್ರೂ ಪರವಾಗಿಲ್ಲ, ಸುಮ್ನೆ ಕೇಳಿಸ್ಕೊಳ್ಳಿ ಸಾಕು" ಅಂದರು. ಫಾರಂ ಇಲ್ಲ, ಫೀಸಿಲ್ಲ. ಊರು, ಜಾತಿ, ಸಂಬಳ ಯಾರೂ ಕೇಳಲಿಲ್ಲ. ಸೇರೋಕೆ ಬೇಕಾದ್ದು ಕುಡಿತ ನಿಲ್ಲಿಸುವ ಆಸೆ ಒಂದೇ.

ಎರಡು ನಿಮಿಷ ಮೌನ, ಒಂದಿಷ್ಟು ಓದು, ಆಮೇಲೆ ಒಬ್ಬೊಬ್ಬರೇ ತಮ್ಮ ಹೆಸರು ಹೇಳಿ "ನಾನೊಬ್ಬ ಆಲ್ಕೊಹಾಲಿಕ್" ಅಂತ ಮಾತು ಶುರು ಮಾಡುತ್ತಾರೆ. ಮಧ್ಯೆ ಯಾರೂ ಬಾಯಿ ಹಾಕಲ್ಲ, ಬುದ್ಧಿ ಹೇಳಲ್ಲ. ಮನೆಯಲ್ಲಿ, ನೆಂಟರಲ್ಲಿ ಬರೀ ಬುದ್ಧಿವಾದ ಕೇಳಿ ಬೇಸತ್ತವನಿಗೆ ಅದು ಎಷ್ಟು ಹಗುರ ಅನ್ನಿಸಿತು ಅಂದರೆ, ಹೇಳೋಕೆ ಬರಲ್ಲ. ಒಬ್ಬರು ಹೆಂಡತಿಯ ಮಾಂಗಲ್ಯ ಅಡ ಇಟ್ಟ ಕಥೆ ಹೇಳಿದರು. ಇನ್ನೊಬ್ಬರು ಮಗಳ ಮದುವೆ ದಿನ ಛತ್ರದ ಹಿಂದೆ ಬಿದ್ದಿದ್ದನ್ನು ಹೇಳಿದರು. ಕೇಳುತ್ತಾ ಕೇಳುತ್ತಾ ಎಂಟೂವರೆ ಆಗಿತ್ತು. ಖರ್ಚಿಗೆ ಅಂತ ಒಂದು ಚೀಲ ಸುತ್ತು ಬರುತ್ತೆ. ಹೊಸಬರು ಏನೂ ಹಾಕಬೇಡಿ ಅಂತ ಅವರೇ ಹೇಳುತ್ತಾರೆ. ಕೊನೆಗೆ ಎಲ್ಲರೂ ಕೈ ಹಿಡಿದು ನಿಂತು ಒಂದು ಪ್ರಾರ್ಥನೆ. ನಮ್ಮಲ್ಲಿ ದೇವರನ್ನು ನಂಬದವರೂ ಇದ್ದಾರೆ. 'ನಮಗೆ ತಿಳಿದಂತೆ ದೇವರು' ಅಂತಲೇ ಮೆಟ್ಟಿಲಲ್ಲಿ ಬರೆದಿರುವುದರಿಂದ ಅವರಿಗೆ ತೊಂದರೆ ಆಗಿಲ್ಲ.

ಮೀಟಿಂಗ್ ಮುಗಿದ ಮೇಲೆ ಟೀ ಕುಡಿಯದೆ ಓಡಿಹೋಗಬೇಡಿ. ಫೋನ್ ನಂಬರ್ ಸಿಗೋದು ಅಲ್ಲೇ. ನನ್ನ ಸ್ಪಾನ್ಸರ್, ಅಂದರೆ ಮುಂಚೆ ಬಿಟ್ಟು ದಾರಿ ತೋರಿಸುವವರು, ಸಿಕ್ಕಿದ್ದೂ ಆ ಟೀ ಹೊತ್ತಲ್ಲೇ. "ಕುಡಿದ ಮೇಲೆ ಫೋನ್ ಮಾಡಬೇಡ, ಕುಡಿಯೋಕೆ ಮುಂಚೆ ಮಾಡು" ಅಂದರು. ಎಎ ಹುಟ್ಟಿದ್ದೇ ಹಾಗೆ ಅಂತ ಅವರೇ ಹೇಳಿದ್ದು. 1935ರಲ್ಲಿ ಅಮೆರಿಕದ ಆಕ್ರನ್ ಊರಿನ ಹೋಟೆಲಿನಲ್ಲಿ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ಅನ್ನುವ ಷೇರು ದಲ್ಲಾಳಿ ಒಂಟಿಯಾಗಿ ನಿಂತಿದ್ದರು. ಒಂದು ಕಡೆ ಬಾರ್, ಒಂದು ಕಡೆ ಟೆಲಿಫೋನ್. ಅವರು ಫೋನ್ ಹತ್ತಿರ ಹೋಗಿ, ಮಾತಾಡೋಕೆ ಇನ್ನೊಬ್ಬ ಕುಡುಕನನ್ನು ಹುಡುಕಿದರು. ಸಿಕ್ಕವರು ಡಾಕ್ಟರ್ ಬಾಬ್. ಎಎ ಶುರು ಮಾಡಿದ್ದು ಈ ಇಬ್ಬರೇ. ನನಗೂ ಎಷ್ಟೋ ಸಂಜೆ ಬಸ್‌ಸ್ಟಾಪಿನಿಂದ ಮಾಡಿದ ಫೋನೇ ಕಾಪಾಡಿದೆ. ಸ್ಪಾನ್ಸರ್ ಮೊದಲು "ಊಟ ಆಯ್ತಾ?" ಅಂತ ಕೇಳುತ್ತಾರೆ. ಕುಡಿಯೋ ಆಸೆಯ ಹಿಂದೆ ಹಸಿವು, ಸಿಟ್ಟು, ಒಂಟಿತನ, ಸುಸ್ತು ಈ ನಾಲ್ಕರಲ್ಲಿ ಒಂದು ಇದ್ದೇ ಇರುತ್ತೆ. ಎರಡು ಬಾಳೆಹಣ್ಣು ತಿಂದು ಬಸ್ ಹತ್ತಿದರೆ ಆಸೆ ಅರ್ಧ ಕಡಿಮೆ.

ನನ್ನ ಹೆಂಡತಿ ಅಲ್‌-ಅನಾನ್‌ಗೆ ಹೋಗುತ್ತಾಳೆ. ಅದು ಕುಡಿಯುವವರ ಮನೆಯವರಿಗೆ ಇರುವ ಬೇರೆ ಗ್ರೂಪ್. ಅಲ್ಲಿಗೆ ಹೋದಮೇಲೆ ಅವಳು ನನ್ನ ಜೇಬು ನೋಡೋದು, ಬಾಯಿ ಮೂಸೋದು ನಿಲ್ಲಿಸಿದಳು. ಅವಳ ಮುಖಕ್ಕೆ ಕಳೆ ಬಂತು.

ಹಳ್ಳಿ ಕಡೆ ಎಎ ಇಲ್ಲದಿದ್ದರೂ ದಾರಿ ಇದೆ. ನಮ್ಮ ದೊಡ್ಡಪ್ಪನ ಮಗ ಬಿಟ್ಟದ್ದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರದಲ್ಲಿ. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ನವಜೀವನ ಸಮಿತಿ ಅಂತ ಮಾಡಿಕೊಂಡು ಸೇರುತ್ತಾರೆ. ಆ ಸೇರುವುದನ್ನು ಅವನು ತಪ್ಪಿಸಿಲ್ಲ, ಅದಕ್ಕೇ ನಿಂತಿದ್ದಾನೆ ಅಂತ ನನ್ನ ನಂಬಿಕೆ.

ಎಎ ಮೀಟಿಂಗಿಗೆ ಮೊದಲ ಸಲ ಹೋಗುವವರು ಅದೇ ದಿನ ಮಧ್ಯಾಹ್ನ ಎಎ ಸಹಾಯವಾಣಿಗೆ ಒಂದು ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಶಾಲೆಗೆ ರಜಾ, ಪರೀಕ್ಷೆ ಅಂತ ಜಾಗ ಬದಲಾಗಿರುತ್ತೆ. ಒಬ್ಬರೇ ಹೋಗೋಕೆ ಧೈರ್ಯ ಸಾಲದಿದ್ದರೆ ಅದನ್ನೂ ಹೇಳಿ, ಬಸ್‌ಸ್ಟಾಪಿನ ತನಕ ಯಾರಾದರೂ ಬಂದು ಕರೆದುಕೊಂಡು ಹೋಗುತ್ತಾರೆ.