ಬಚ್ಚಲುಮನೆಯಲ್ಲಿ ತೊಳೆದ ಎಸ್ಟೀಮ್ ಎಂಜಿನ್

ಎಂಜಿನ್ ಬ್ಲಾಕಿಗೆ ಹಂಡೆ ನೀರು ಹಾಕಿ ತೊಳೀತೀನಿ ಅಂದಾಗ ನಮ್ಮ ಮೂಡಿಗೆರೆ ಕಡೆಯ ಮೆಕ್ಯಾನಿಕ್‌ಗಳು ಬಿದ್ದು ಬಿದ್ದು ನಕ್ಕಿದ್ದರು. "ನೀರು ಹಾಕಿದ್ರೆ ತುಕ್ಕು ಹಿಡಿಯಲ್ವಾ ಮಾರಾಯ? ಡೀಸೆಲ್ ಹಾಕಿ ತೊಳಿ" ಅಂದರು. ಆ ಎಂಜಿನ್ ಈಗ ಹತ್ತಿರ ಹತ್ತಿರ 14,000 ಕಿಲೋಮೀಟರ್ ಓಡಿದೆ. ಹೊಗೆ ಇಲ್ಲ. ನಕ್ಕವರಲ್ಲಿ ಇಬ್ಬರು ಬಂದು ಸೈಲೆನ್ಸರ್‌ಗೆ ಬೆರಳು ಹಾಕಿ ನೋಡಿಕೊಂಡೂ ಹೋದರು.

ಗಾಡಿ ಮಾರುತಿ ಎಸ್ಟೀಮ್ ಎಂಪಿಎಫ್‌ಐ, 16 ವಾಲ್ವ್‌ನ ಜಿ13 ಎಂಜಿನ್. 1298 ಸಿಸಿ, 85 ಬಿಎಚ್‌ಪಿ, ಗಾಡಿ ತೂಕ 900 ಕಿಲೋ ಒಳಗೆ. ರ‍್ಯಾಲಿಯವರು ಇದನ್ನು ಅಷ್ಟು ವರ್ಷ ಯಾಕೆ ಬಿಡಲಿಲ್ಲ ಅಂತ ಬೇರೆ ಹೇಳಬೇಕಾ? ನನ್ನ ಕೈಗೆ ಬಂದಾಗ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) 130 ಪಿಎಸ್‌ಐ ಆಸುಪಾಸು, ಮೂರನೇ ಸಿಲಿಂಡರ್ ಮಾತ್ರ 110.

ಮೊದಲ ಸಲ ಎಲ್ಲರೂ ಮಾಡುವ ಹಾಗೇ ಮಾಡಿದೆ. ಸಿಲಿಂಡರ್ ಕೊರೆದು 0.25 ಮಿ.ಮೀ. ಅಗಲ ಮಾಡುವ ಬೋರಿಂಗ್, ಬೆಂಗಳೂರಿನ ಜೆಸಿ ರಸ್ತೆಯಿಂದ ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್. ಲೇತ್‌ನವರು ಹೋನಿಂಗ್ ಮಾಡಿ (ಸಿಲಿಂಡರ್ ಒಳಮೈಗೆ ಕಲ್ಲಿನಿಂದ ಸಣ್ಣ ಗೀರು ಹಾಕಿ) ಕೊಟ್ಟ ಬ್ಲಾಕನ್ನು ಡೀಸೆಲ್‌ನಲ್ಲಿ ತೊಳೆದು, ಪೆಟ್ರೋಲ್‌ನಲ್ಲಿ ಒರೆಸಿ, ಗಾಳಿ ಹೊಡೆದು ಜೋಡಿಸಿದೆ. ಒಟ್ಟು 42 ಸಾವಿರ ಆಯಿತು. 400 ಕಿಲೋಮೀಟರ್‌ಗೆ ನೀಲಿ ಹೊಗೆ. ಬಿಚ್ಚಿ ನೋಡಿದರೆ ಹೊಸ ಪಿಸ್ಟನ್ ಮೈಮೇಲೆಲ್ಲ ಉದ್ದುದ್ದ ಗೀರು, ಬೇರಿಂಗ್‌ನಲ್ಲಿ ಬೂದು ಪುಡಿ ಕಚ್ಚಿಕೊಂಡು ಕೂತಿತ್ತು. ಹೋನಿಂಗ್ ಕಲ್ಲಿನ ಪುಡಿ ಅದು. ಆ ರಾತ್ರಿ ಊಟ ಸೇರಲಿಲ್ಲ.

ಎರಡನೇ ಸಲ 0.50. ಈ ಎಂಜಿನ್‌ಗೆ ಸಿಗುವ ಕೊನೆ ಸೈಜ್ ಅದು, ತಪ್ಪಿದರೆ ಗುಜರಿಯೇ ಗತಿ. ಸಾಮರ್ಥ್ಯ 1316 ಸಿಸಿ ಆಗುತ್ತದೆ. ಜಾಸ್ತಿ ಆಗೋದು 18 ಸಿಸಿ, ಅಂದರೆ ಮೂರೂವರೆ ಟೀ ಚಮಚ!

ಈ ಸಲ ಸಿಲಿಂಡರ್ ಒಳ ಅಗಲ ಅಳೆಯುವ ಬೋರ್ ಗೇಜ್ ಸಾಲ ತಂದು ನಾನೇ ಅಳೆದೆ. ಎರಡನೇ ಸಿಲಿಂಡರ್ ಮೇಲಿಗಿಂತ ಕೆಳಗೆ 0.03 ಅಗಲ. ವಾಪಸ್ ತೆಗೆದುಕೊಂಡು ಹೋದರೆ "ಇಷ್ಟಕ್ಕೆಲ್ಲ ಏನೂ ಆಗಲ್ಲ ಸಾರ್" ಅಂದರು ಲೇತ್‌ನವರು. ಪಿಸ್ಟನ್ ಸಂದು ಬಿಡೋದೇ 0.04. ಅರ್ಧ ದಿನ ಜಗಳ ಆಡಿ ಸರಿ ಮಾಡಿಸಿದೆ.

ಆಮೇಲೆ ಬಚ್ಚಲು. ಅಲ್ಯೂಮಿನಿಯಂ ಬ್ಲಾಕ್ ಆದ್ದರಿಂದ ಒಬ್ಬನೇ ಎತ್ತಿ ಒಗೆಯುವ ಕಲ್ಲಿನ ಮೇಲೆ ಇಟ್ಟೆ. ಅಮ್ಮ ಬಾಗಿಲಲ್ಲಿ ನಿಂತು "ಅದಕ್ಕೂ ಎಣ್ಣೆ ಸ್ನಾನನಾ? ನಮಗೆ ಒಂದು ಚೊಂಬು ನೀರಾದ್ರೂ ಉಳಿಸೋ" ಅಂದರು. ಎಣ್ಣೆ ನಾಳಗಳ ಪ್ಲಗ್‌ಗಳನ್ನೆಲ್ಲ ಮೊದಲೇ ಬಿಚ್ಚಿದ್ದೆ. ಕುದಿಯೋ ಹಂಡೆ ನೀರು, ಪಾತ್ರೆ ತೊಳೆಯುವ ಲಿಕ್ವಿಡ್. ಬಟ್ಟೆ ಸೋಡ ಮಾತ್ರ ಮುಟ್ಟಬೇಡಿ, ಅಲ್ಯೂಮಿನಿಯಂ ಕಪ್ಪಾಗುತ್ತದೆ. ನಾಳಗಳಿಗೆ ಏರ್‌ಗನ್ ನಳಿಗೆ ತಿಕ್ಕುವ ಬ್ರಷ್ ಹಿಡಿಸಿತು. ಡೀಸೆಲ್ ಎಣ್ಣೆಯನ್ನು ಮಾತ್ರ ಕರಗಿಸುತ್ತದೆ, ಪುಡಿ ಹೋನಿಂಗ್ ಗೀರುಗಳ ಒಳಗೇ ಉಳಿಯುತ್ತದೆ. ಸೋಪು ನೀರಲ್ಲಿ ತಿಕ್ಕಿದರೇ ಅದು ಎದ್ದು ಬರೋದು.

ತುಕ್ಕಿನ ಮಾತು ಸುಳ್ಳಲ್ಲ. ಸಿಲಿಂಡರ್ ಒಳಗಿನ ಕೊಳವೆ, ಅಂದರೆ ಲೈನರ್, ಕಬ್ಬಿಣದ್ದು, ನೋಡ್ತಾ ನೋಡ್ತಾ ಕೆಂಪಗಾಗುತ್ತದೆ. ಅದಕ್ಕೇ ನೀರು ಒರೆಸಿದ ಕೂಡಲೇ ಅಪ್ಪನ ಹಳೇ ಬಿಳಿ ಪಂಚೆ ಹರಿದು, ಎಂಜಿನ್ ಆಯಿಲ್‌ನಲ್ಲಿ ಅದ್ದಿ ಬೋರ್ ಒರೆಸಿದೆ. ಮೊದಲ ತುಂಡು ಸೀಸದ ಕಡ್ಡಿ ಉಜ್ಜಿದ ಹಾಗೆ ಬೂದು. ಮತ್ತೆ ಸೋಪು, ಮತ್ತೆ ಪಂಚೆ. ಮೂರು ಸಲ ತೊಳೆದ ಮೇಲೆ ಹನ್ನೊಂದೋ ಹನ್ನೆರಡೋ ತುಂಡಿಗೆ ಬಟ್ಟೆ ಮೇಲೆ ಬರೀ ಎಣ್ಣೆ ಬಣ್ಣ ಉಳಿಯಿತು. ಪಂಚೆ ಮುಗಿಯಿತು.

ಹೆಡ್ (ಬ್ಲಾಕಿನ ಮೇಲೆ ಕೂರುವ ಭಾಗ) ಸ್ಕಿಮ್ ಮಾಡಿಸಿದೆ, ಅಂದರೆ ಅದರ ಅಡಿಯನ್ನು ತೆಳುವಾಗಿ ಸವೆಸಿ ಸಮ ಮಾಡಿಸಿದೆ. ಎಷ್ಟು ಅಂತ ಕೇಳಬೇಡಿ, ಹೇಳಲ್ಲ. ಮೆಡಿಕಲ್ ಶಾಪಿನ 50 ಎಂಎಲ್ ಸಿರಿಂಜ್‌ನಲ್ಲಿ ಸೀಮೆಎಣ್ಣೆ ತುಂಬಿ ಹೆಡ್‌ನಲ್ಲಿ ಪೆಟ್ರೋಲ್ ಉರಿಯುವ ನಾಲ್ಕೂ ಚೇಂಬರ್ ಅಳೆದರೆ ಒಂದೂವರೆ ಸಿಸಿ ವ್ಯತ್ಯಾಸ ಇತ್ತು. ತಿಕ್ಕಿ ತಿಕ್ಕಿ ಅರ್ಧಕ್ಕೆ ತಂದೆ. ವಾಲ್ವ್ ಸೀಟಿನ ವಿಷಯವೂ ನನ್ನ ಹತ್ತಿರವೇ ಇರಲಿ.

ಇದರ ನಡುವೆ ಸುಮ್ನೆ ಇರಲಾರದೆ ಫ್ಲೈವೀಲ್‌ನಲ್ಲಿ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಒಂದೂವರೆ ಕಿಲೋ ಸವೆಸಿದೆ. ಆಕ್ಸಿಲರೇಟರ್ ಮುಟ್ಟಿದರೆ ಆರ್‌ಪಿಎಂ ಜಿಗಿಯುತ್ತಿತ್ತು, ಖುಷಿಯಾಯಿತು. ಆದರೆ ಏರಿನಲ್ಲಿ ಕ್ಲಚ್ ಬಿಟ್ಟಾಗೆಲ್ಲ ಗಾಡಿ ಆಫ್. ಎರಡು ವಾರಕ್ಕೆ ಬೇಜಾರಾಗಿ ಗುಜರಿಯಿಂದ ಬೇರೆ ಫ್ಲೈವೀಲ್ ತಂದೆ. ಗೇರ್‌ಬಾಕ್ಸ್ ಎರಡು ಸಲ ಇಳಿಸಿದ ಶ್ರಮ ದಂಡ.

ರನ್ನಿಂಗ್-ಇನ್, ಅಂದರೆ ಹೊಸದಾಗಿ ಜೋಡಿಸಿದ ಎಂಜಿನ್ ಪಳಗಿಸುವ ವಿಷಯಕ್ಕೂ ಮೆಕ್ಯಾನಿಕ್‌ಗಳ ಜೊತೆ ಜಗಳ. ಸಾವಿರ ಕಿಲೋಮೀಟರ್ 50ರಲ್ಲೇ ಹೋಗು ಅಂದರು. ನಾನು ಮೊದಲ ದಿನವೇ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಹತ್ತಿದೆ. ಹತ್ತುವಾಗ ಮೂರನೇ ಗೇರಿನಲ್ಲಿ ಲೋಡ್, ಇಳಿಯುವಾಗ ಕಾಲು ಪೂರ್ತಿ ಎತ್ತಿ ಗೇರಿನಲ್ಲೇ. ಸಾದಾ ಮಿನರಲ್ ಆಯಿಲ್, 60 ಕಿಲೋಮೀಟರ್‌ಗೆ ಬಸಿದೆ, ಮತ್ತೆ 500ಕ್ಕೆ. ಈಗ ಕಂಪ್ರೆಷನ್ ನಾಲ್ಕರಲ್ಲೂ 200ರ ಸುತ್ತಮುತ್ತ, ಹೆಚ್ಚೆಂದರೆ 5 ಪಿಎಸ್‌ಐ ಆಚೀಚೆ. ಆಯಿಲ್ ಬದಲಿಸುವ ಹೊತ್ತಿಗೆ ಡಿಪ್‌ಸ್ಟಿಕ್‌ನಲ್ಲಿ ಇಳಿದದ್ದು ಕಣ್ಣಿಗೆ ಕಾಣಲ್ಲ.

ಎರಡನೇ ಸಲದ ಖರ್ಚು 27 ಸಾವಿರ ಚಿಲ್ಲರೆ. ದಂಡವಾದ 42 ಸೇರಿಸಿದರೆ, ಗ್ಯಾರೇಜ್‌ನವರು ಮೊದಲೇ ಕೇಳಿದ್ದ 65 ಸಾವಿರಕ್ಕಿಂತ ನಾಲ್ಕು ಸಾವಿರ ಜಾಸ್ತಿಯೇ. ಮನೆಯಲ್ಲಿ ಈ ಲೆಕ್ಕ ಯಾರೂ ಕೂಡಿಸಿಲ್ಲ. ಸವೆಸಿದ ಫ್ಲೈವೀಲ್ ಇನ್ನೂ ಕೊಟ್ಟಿಗೆಯಲ್ಲಿದೆ. ಬರೀ ಟ್ರ್ಯಾಕ್‌ನಲ್ಲಿ ಓಡಿಸೋರು ಇದ್ದರೆ 1,500ಕ್ಕೆ ಕೊಡ್ತೀನಿ.